ಕುರ್ಚಿ ಬರೆಯುವವಳ ತಾಯಿ

ಮದುವೆಯಾಗಿ ಬಂದ ಸೊಸೆಗೆ ಅತ್ತೆಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆಗಳು ಇರುತ್ತವಲ್ಲ, ನನ್ನ ಮಗಳ ಕಸುಬಿನಲ್ಲಿ ಅದಕ್ಕಿಂತ ಹೆಚ್ಚಿವೆ. ಸೊಸೆಯಾದರೂ ಒಂದೆರಡು ಮಕ್ಕಳಾದ ಮೇಲೆ ತಿರುಗಿ ಮಾತಾಡಬಹುದು. ಚಿತ್ರ ಬರೆದು ಬದುಕುವವಳಿಗೆ ಆ ಭಾಗ್ಯವೂ ಇಲ್ಲ.

ತನ್ನ ಚಿತ್ರದ ಬೆಲೆಯನ್ನು ತಾನೇ ಹೇಳಬಾರದು. ಬೇರೆಯವರ ಪ್ರದರ್ಶನಕ್ಕೆ ಜ್ವರ ಬಂದಿದ್ದರೂ ಹೋಗಬೇಕು, ಹೋದಾಗ ಮಾತ್ರ 'ಚೆನ್ನಾಗಿದೆ' ಅನ್ನಬಾರದು, ಅದು ಸಾರು-ಪಲ್ಯಕ್ಕೆ ಹೇಳುವ ಮಾತಂತೆ. ತಲೆಯನ್ನು ಒಂದು ಕಡೆ ವಾಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು 'ಗಟ್ಟಿ ಕೆಲಸ' ಅನ್ನಬೇಕು. ಭಾನುವಾರ ಓಣಿಯ ಮಕ್ಕಳಿಗೆ ಬಣ್ಣ ಹಚ್ಚಲು ಕಲಿಸುತ್ತೇನೆ ಎಂದು ಯಾರೆದುರೂ ಬಾಯಿಬಿಡಬಾರದು. 'ಈಗ ಏನು ಮಾಡ್ತಾ ಇದ್ದೀರಿ' ಎಂದು ಯಾರಾದರೂ ಕೇಳಿದರೆ 'ಏನೂ ಇಲ್ಲ' ಎಂದು ನಿಜ ಹೇಳಬಾರದು. ಮಾರಾಟವಾದ ಚಿತ್ರದ ಪಕ್ಕ ಗ್ಯಾಲರಿಯವರು ಕೆಂಪು ಚುಕ್ಕೆ ಅಂಟಿಸುತ್ತಾರೆ, ಯಾರು ಕೊಂಡರು, ಯಾವ ಮನೆಗೆ ಹೋಯಿತು ಎಂದು ಬರೆದವಳೇ ಕೇಳುವಂತಿಲ್ಲ. ಇದನ್ನೆಲ್ಲ ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ತಪ್ಪು ಮಾಡಿದಾಗ ಯಾರೂ ಬೈಯುವುದೂ ಇಲ್ಲ. ಕರೆಯುವುದನ್ನು ನಿಲ್ಲಿಸುತ್ತಾರೆ, ಅಷ್ಟೆ.

ಇವೆಲ್ಲಕ್ಕೂ ಮೇಲಿನ ಕಟ್ಟಳೆ ಒಂದಿದೆ: ಒಮ್ಮೆ ಹೆಸರಾದ ಮೇಲೆ ಕೈ ಬದಲಿಸಬಾರದು, ಹೆಸರು ತಂದದ್ದನ್ನೇ ಬರೆಯುತ್ತಿರಬೇಕು.

ನಾನು ಹೊಲಿಗೆಯವಳು. ಕಣ್ಣು ಮಂಜಾಗುವ ತನಕ ಪೇಟೆಯ ಮೂಲೆಯಲ್ಲಿ ಒಂದು ಪುಟ್ಟ ಅಂಗಡಿ ಇಟ್ಟಿದ್ದೆ. ಅದನ್ನು ಮುಚ್ಚಿದಾಗ ಮೆಷಿನ್ನು ಯಾರದೋ ಪಾಲಾಯಿತು, ಗಿರಾಕಿಗಳು ಕಾಯುತ್ತ ಕೂರುತ್ತಿದ್ದ ಹಸಿರು ರೆಕ್ಸಿನ್ನಿನ ಕುರ್ಚಿ ಮಾತ್ರ ನಮ್ಮ ಬಾಡಿಗೆ ಮನೆಗೆ ಬಂತು. ಮಗಳು ಅದನ್ನು ಕಿಟಕಿಯ ಹತ್ತಿರ ಇಟ್ಟು, ಖಾಲಿ ಕುರ್ಚಿಯದೇ ಒಂದು ಚಿತ್ರ ಬರೆದಳು. ಹತ್ತಾರು ಜನರ ಚಿತ್ರಗಳ ಜೊತೆ ಪ್ರದರ್ಶನಕ್ಕಿಟ್ಟ ಅದು ಮೊದಲ ಸಂಜೆಯೇ ಮಾರಾಟವಾಯಿತು. ಅಲ್ಲಿಂದ ಶುರುವಾಯಿತು ನೋಡಿ. ಆಸ್ಪತ್ರೆಯ ಕುರ್ಚಿ, ಕ್ಷೌರದಂಗಡಿಯ ಕುರ್ಚಿ, ಕಾಲು ಮುರಿದ ಕುರ್ಚಿ, ಎರಡು ಕುರ್ಚಿ ಎದುರುಬದುರು. ಮನೆಯಲ್ಲಿ ನೆಂಟರು ಬಂದರೆ ಕೂರಿಸಲು ಕುರ್ಚಿ ಸಾಲದು, ಗೋಡೆಯ ತುಂಬ ಕುರ್ಚಿ. ಯಾವುದರಲ್ಲೂ ಒಂದು ನರಪಿಳ್ಳೆ ಇಲ್ಲ. ಮೊದಮೊದಲು ಅವಳು ಬಸ್ಸಿನಲ್ಲಿ ನಿದ್ದೆಹೋದ ಮುದುಕರನ್ನು, ಅಳುವ ಕೂಸನ್ನು ಗೀಚಿಕೊಂಡು ಬರುತ್ತಿದ್ದಳು. ಅದೂ ನಿಂತಿತು. ಈಗ ಅವಳಿಗೆ ನಲವತ್ತು ದಾಟಿದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಮಗಳ ಕೈ ದಿನವೂ ಕೆಸರೇ, ಮೊಸರಿಗೆ ಮಾತ್ರ ಇನ್ನೂ ಹೆಪ್ಪು ಹಾಕಬೇಕಾಗಿದೆ.

ಅವಳ ಚಿತ್ರಗಳನ್ನು ಇಡುವ ಗ್ಯಾಲರಿಯ ಯಜಮಾನರಿಗೆ ನಾನು 'ನೋಡೋಣ' ಎಂದು ಹೆಸರಿಟ್ಟಿದ್ದೆ. ಏನು ಕೇಳಿದರೂ ಅವರ ಉತ್ತರ ಅದೊಂದೇ. ಮಗಳೊಬ್ಬಳದೇ ಪ್ರದರ್ಶನ ಮಾಡದೆ ಬಹಳ ಕಾಲವಾಗಿತ್ತು. ಕೊನೆಗೊಮ್ಮೆ ಈ ಚಳಿಗಾಲಕ್ಕೆ ದಿನ ಕೊಟ್ಟರು. ಬಾಗಿಲು ದಾಟುತ್ತಲೇ ಎದುರಾಗುವ ದೊಡ್ಡ ಗೋಡೆಗೆ ಒಂದೇ ಒಂದು ದೊಡ್ಡ ಚಿತ್ರ ಬೇಕು ಎಂದರು. ಮಗಳು ನನ್ನ ಎತ್ತರದ ಚೌಕಟ್ಟು ತರಿಸಿ, ಬಟ್ಟೆ ಬಿಗಿದು, ಬಿಳಿ ಬಳಿದು ಒಣಗಿಸಿದಳು. ಅದೇ ವಾರ ನನ್ನ ದವಡೆಯ ಗಂಟು ಸುದ್ದಿಗೆ ಬಂತು.

ಎಡ ದವಡೆಯ ಕೆಳಗೆ ಮೊದಲು ಕಡಲೆಕಾಳಿನಷ್ಟಿತ್ತು. ಹಲ್ಲಿನದಿರಬೇಕು ಎಂದು ಲವಂಗ ಕಚ್ಚಿಕೊಂಡು ಸುಮ್ಮನಿದ್ದೆ. ನಿಂಬೆಕಾಯಿಯಷ್ಟಾದಾಗ ಮಗಳು ಬಿಡಲಿಲ್ಲ, ಎಳೆದುಕೊಂಡು ಹೋದಳು. ಡಾಕ್ಟರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳಲಿಲ್ಲ.

"ಗಂಟಿನ ಜೊತೆ ಮೂಳೇನೂ ತೆಗೀಬೇಕಾಗುತ್ತೆ. ಜೀವಕ್ಕೆ ಅಪಾಯ ಕಡಿಮೆ. ಆದ್ರೆ ಮುಖ ಮೊದಲಿನ ಹಾಗೆ ಇರಲ್ಲಮ್ಮ. ಈ ಕಡೆ ಒಳಗೆ ಹೋಗುತ್ತೆ, ಬಾಯಿ ವಾಲುತ್ತೆ. ಮಾತೂ ಸ್ವಲ್ಪ ತೊದಲುತ್ತೆ."

ಮಗಳು ಹೊರಗಿನ ಬೆಂಚಿನ ಮೇಲೆ ಕೂತು ಅತ್ತಳು. ಗಂಟು ನನ್ನದು, ಅಳು ಅವಳದು. ನಾನು ಗದರಿಸಿ ಎಬ್ಬಿಸಿಕೊಂಡು ಬಂದೆ. ಮನೆಗೆ ಬಂದು ಮುಖ ತೊಳೆಯುವಾಗ ಕನ್ನಡಿಯೆದುರು ನಿಂತವಳು ಅಲ್ಲಿಂದ ಕದಲಲಾರದೆ ಹೋದೆ.

ನಾನೇನೂ ರೂಪವತಿಯಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದ ಇಬ್ಬರು ಊರಿಗೆ ಹೋಗಿ ಕಾಗದ ಹಾಕ್ತೇವೆ ಎಂದವರು ಇನ್ನೂ ಹಾಕಿಲ್ಲ. ಆದರೂ ಅದು ನನ್ನ ಮುಖ. ಗಲ್ಲ ನನ್ನ ಅಮ್ಮನದು, ಹುಬ್ಬು ಅಪ್ಪನದು. ಗಂಡ ಸಾಯುವ ಮುಂಚೆ ಕೊನೆಯದಾಗಿ ಕೈಯಿಟ್ಟದ್ದು ಆ ಎಡಗೆನ್ನೆಯ ಮೇಲೆ. ಫೋಟೋಗಳಿವೆ, ಎಲ್ಲದರಲ್ಲೂ ಒಂದೋ ಕಣ್ಣು ಮುಚ್ಚಿಕೊಂಡಿದ್ದೇನೆ, ಇಲ್ಲವೇ ಯಾರದೋ ಬೆನ್ನ ಹಿಂದೆ ಅರ್ಧ ಇಣುಕಿದ್ದೇನೆ. ಮನೆಯಲ್ಲೇ ಚಿತ್ರಗಾರ್ತಿಯನ್ನು ಇಟ್ಟುಕೊಂಡು ನನ್ನ ಮುಖ ಎಲ್ಲೂ ಉಳಿಯುವುದಿಲ್ಲ ಎನ್ನುವುದು ಆಗ ಹೊಳೆಯಿತು.

"ಈ ಮುಖ ಇರೋವಾಗಲೇ ನನ್ನನ್ನ ಒಂದು ಸಲ ಬರೀ" ಎಂದೆ.

ಅವಳು ತಟ್ಟೆ ತೊಳೆಯುತ್ತಿದ್ದಳು. ಕೈ ನಿಂತಿತು. ಇಷ್ಟು ವರ್ಷದಲ್ಲಿ ನಾನು ಅವಳನ್ನು ಕೇಳಿರಲಿಲ್ಲ, ಅವಳೂ ಬರೆಯುತ್ತೇನೆ ಅಂದಿರಲಿಲ್ಲ. ಬೇರೆ ಚಿಕ್ಕ ಚೌಕಟ್ಟು ಸಿಕ್ಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲವೇನೋ. ಅವಳು ಕೈ ಒರೆಸಿಕೊಂಡು ಹೋಗಿ, ದೊಡ್ಡ ಗೋಡೆಗೆಂದು ಸಿದ್ಧವಾಗಿ ನಿಂತಿದ್ದ ಆ ಎತ್ತರದ ಚೌಕಟ್ಟನ್ನೇ ಬೆಳಕಿಗೆ ತಿರುಗಿಸಿದಳು.

"ಅದು ಪ್ರದರ್ಶನದ್ದಲ್ವೇನೇ?"

"ಹೂಂ, ಇದನ್ನೇ ಇಡ್ತೀನಿ. ನೋಡಲಿ."

ಆ 'ನೋಡಲಿ' ಎನ್ನುವ ಮಾತಿನಲ್ಲಿ ಒಂದು ಹಟ ಇತ್ತು. ಹದಿನಾರರ ಹುಡುಗಿಯಾಗಿದ್ದಾಗ ಇದ್ದ ಹಟ. ನನಗೆ ಹಿತವಾಯಿತು.

ಆಪರೇಷನ್ನಿಗೆ ಮುಂಚೆ ದಿನವೂ ಬೆಳಗಿನ ಬೆಳಕಿನಲ್ಲಿ ಹಸಿರು ಕುರ್ಚಿಯ ಮೇಲೆ ಕೂತೆ. ಎಣ್ಣೆ ಬಣ್ಣದ ವಾಸನೆಗೆ ತಲೆನೋವು ಬರುತ್ತಿತ್ತು, ಆದರೆ ಏಳುವ ಮನಸ್ಸಾಗುತ್ತಿರಲಿಲ್ಲ. ಗಿರಾಕಿಗಳ ಅಳತೆ ತೆಗೆದು ತೆಗೆದು ಜೀವನ ಕಳೆದವಳು ನಾನು. ನನ್ನ ಅಳತೆಯನ್ನು ಯಾರಾದರೂ ಇಷ್ಟು ಹೊತ್ತು ತೆಗೆದದ್ದು ಅದೇ ಮೊದಲು. ಮಗಳು ಕಣ್ಣು ಕಿರಿದು ಮಾಡಿ ನೋಡುವಳು, ಬಳಿಯುವಳು, ಹಿಂದೆ ಸರಿಯುವಳು, ಬಟ್ಟೆಯಿಂದ ಒರೆಸುವಳು.

"ಅಮ್ಮ, ನಿನ್ನ ಕಿವಿ ಎಷ್ಟು ದೊಡ್ಡದು."

"ಹೌದು, ನಿನ್ನಪ್ಪನ ಮನೆಯೋರ ಮಾತೆಲ್ಲ ಹಿಡಿಸಬೇಕಿತ್ತಲ್ಲ."

ನಗುತ್ತ ನಗುತ್ತ ಕೈ ಅಲುಗುತ್ತಿದೆ ಎಂದು ನನ್ನನ್ನೇ ಬೈದಳು. ಆ ದಿನಗಳಲ್ಲಿ ನನ್ನ ಮಗಳು ಖುಷಿಯಾಗಿದ್ದಳು. ಕುರ್ಚಿ ಬರೆಯುವಾಗ ಅವಳ ತುಟಿ ಬಿಗಿದಿರುತ್ತದೆ, ನನ್ನನ್ನು ಬರೆಯುವಾಗ ಸಡಿಲವಾಗಿ ಬಾಯಿ ತೆರೆದುಕೊಂಡಿತ್ತು. ಚಿತ್ರ ಮುಗಿದ ದಿನ ಎದ್ದು ಬಂದು ನೋಡಿದೆ. ಸುಮ್ಮನೆ ಹೊಗಳಿರಲಿಲ್ಲ ನನ್ನನ್ನು. ಕತ್ತಿನ ಸುಕ್ಕು, ದವಡೆಯ ಉಬ್ಬು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳ ತುದಿ ಎಲ್ಲವೂ ಅಲ್ಲಿತ್ತು. ಕಣ್ಣಿನಲ್ಲಿ ಮಾತ್ರ ಇನ್ನೇನು ಏನೋ ಕೊಂಕು ಮಾತಾಡುತ್ತಾಳೆ ಎನ್ನುವಂತೆ ಒಂದು ಹೊಳಪು. ಇವಳೇ ನಾನು, ಅನಿಸಿತು. ಬಾಯಿಂದ 'ಚೆನ್ನಾಗಿದೆ' ಎಂದೇ ಬಂತು. ಅವಳು ತಿದ್ದಲಿಲ್ಲ. ಇನ್ನು ಡಾಕ್ಟರು ಏನು ಬೇಕಾದರೂ ಕತ್ತರಿಸಿಕೊಳ್ಳಲಿ ಎಂದು ಧೈರ್ಯ ಬಂತು ನನಗೆ.

ಕೆಳಗಿನ ಮನೆಯಾಕೆಗೆ ಅಂದು ಸಂಜೆಯೇ ಹೇಳಿದೆ. ನನ್ನ ಚಿತ್ರ ದೊಡ್ಡ ಗೋಡೆಯ ಮೇಲೆ ಬರುತ್ತದೆ, ಬಾಗಿಲಲ್ಲೇ ಕಾಣುತ್ತದೆ ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇಲ್ಲಿ ಹೆಗ್ಗಣಕ್ಕೆ ಹೆತ್ತವಳೇ ಮುದ್ದಾಗಿದ್ದಾಳೆ ಎಂದು ಇಬ್ಬರೂ ನಕ್ಕೆವು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ 'ನೋಡೋಣ' ಚಿತ್ರಗಳನ್ನು ಆರಿಸಲು ಬಂದರು. ನಾನು ಅಡುಗೆಮನೆಯಲ್ಲಿ ಟೀ ಕಾಯಿಸುತ್ತಿದ್ದೆ. ಚಿಕ್ಕ ಚಿತ್ರಗಳನ್ನು ಬೇಗ ನೋಡಿ ಮುಗಿಸಿದರು. ದೊಡ್ಡದರ ಮುಂದೆ ನಿಂತಾಗ ಮಾತು ನಿಂತಿತು. ನಾನು ಒಲೆ ಸಣ್ಣದು ಮಾಡಿದೆ, ಕೇಳಿಸಲಿ ಎಂದು.

"ನೀವು ಇಷ್ಟು ಒಳ್ಳೆ ಕುರ್ಚಿ ಇದುವರೆಗೆ ಬರೆದೇ ಇಲ್ಲ" ಎಂದರು.

ಮಗಳು ಚೌಕಟ್ಟನ್ನು ಇನ್ನಷ್ಟು ಬೆಳಕಿಗೆ ತಿರುಗಿಸಿದ ಸದ್ದಾಯಿತು.

"ಆದ್ರೆ ಯಾರೋ ಕೂತುಬಿಟ್ಟಿದ್ದಾರೆ."

"ನಮ್ಮಮ್ಮ ಸರ್."

"ನನಗೆ ಗೊತ್ತಾಯ್ತು. ಬಂದು ನೋಡೋರಿಗೆ ಅವರು ಅಮ್ಮ ಅಲ್ವಲ್ಲ." ದನಿ ತಗ್ಗಿಸಿ ಹೇಳಿದರು, "ಮನುಷ್ಯರನ್ನ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಆ ಸಾಲಲ್ಲಿ ನೀವು ಕೊನೇಲಿ ಹೋಗಿ ನಿಲ್ಲಬೇಕಾಗುತ್ತೆ. ಖಾಲಿ ಕುರ್ಚಿ ಅಂದ್ರೆ ನೀವೊಬ್ಬರೇ. ನಿಮ್ಮ ಚಿತ್ರ ಹಿಂದೆ ಕೊಂಡವರಿಗೂ ಅದೇ ಬೇಕು."

"ದೊಡ್ಡ ಗೋಡೆಗೆ ಬೇರೆ ಬರೆಯೋಕೆ ದಿನ ಇಲ್ಲ ಸರ್. ಒಣಗಲ್ಲ."

"ಬೇರೆ ಯಾಕೆ? ಇದೇ ಇದೆಯಲ್ಲ."

"ಇದು ಹೀಗೇ ಇರುತ್ತೆ."

"ನೋಡೋಣ" ಎಂದರು. ಟೀ ಕುಡಿಯುವಾಗ, ಪ್ರದರ್ಶನದ ಇದೇ ದಿನಗಳನ್ನು ಇನ್ನೊಬ್ಬ ಹುಡುಗಿ ಕೇಳುತ್ತಿದ್ದಾಳೆ, ತುಂಬ ಹುರುಪಿನವಳು ಎಂದು ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದರು. ನನ್ನ ಆರೋಗ್ಯ ವಿಚಾರಿಸಿದರು. ಕೂತವರನ್ನು ಬಣ್ಣ ಬಳಿದು ಮುಚ್ಚಿ ಎಂದು ಅವರು ಒಂದು ಸಲವೂ ಹೇಳಲಿಲ್ಲ. ಅವರ ಕಡೆಯಿಂದ ತಪ್ಪು ಹುಡುಕಲು ಹೋದರೆ ನನಗೆ ಇವತ್ತಿಗೂ ಸಿಕ್ಕುವುದಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು. ಮಗಳು 'ಹೀಗೇ ಇರುತ್ತೆ' ಎಂದದ್ದನ್ನು ನೆನೆಯುತ್ತ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಆಪರೇಷನ್ನಿನ ಮೇಲೆ ಬಹಳ ದಿನ ಆಸ್ಪತ್ರೆಯಲ್ಲಿದ್ದೆ. ಮೂಗಿನಲ್ಲಿ ನಳಿಕೆ, ಬಾಯಿಗೆ ಬೀಗ. ನನ್ನಂಥ ವಾಚಾಳಿಗೆ ದೇವರು ಹುಡುಕಿ ಕೊಟ್ಟ ಶಿಕ್ಷೆ. ಮಗಳು ಮಧ್ಯಾಹ್ನ ಬಂದು ಸಂಜೆ ಹೋಗುತ್ತಿದ್ದಳು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಕಂಡಿತು. ಕೊನೆಯ ಕೆಲಸ ಮುಗಿಸುತ್ತಿದ್ದಾಳೆ, ಪಾಪ, ಎರಡು ಕಡೆ ಒದ್ದಾಡುತ್ತಿದ್ದಾಳೆ ಎಂದುಕೊಂಡೆ. ಮನೆಗೆ ಮರಳಿದಾಗ ಚಿತ್ರಗಳೆಲ್ಲ ಗ್ಯಾಲರಿಗೆ ಹೋಗಿದ್ದವು. ಹಸಿರು ಕುರ್ಚಿ ಗೋಡೆಗೆ ಮುಖ ಮಾಡಿಕೊಂಡಿತ್ತು. ನಾನೇ ಎಳೆದು ಸರಿ ಮಾಡಿ ಕೂತೆ.

ಪ್ರದರ್ಶನದ ಮೊದಲ ಸಂಜೆಗೆ ನೀನು ಬರಬೇಡ, ಜನ ಜಾಸ್ತಿ, ಧೂಳು, ಸೋಂಕು ತಗಲುತ್ತೆ ಎಂದಳು. ನಾಳಿದ್ದು ನಾನೇ ಕರ್ಕೊಂಡು ಹೋಗ್ತೀನಿ ಎಂದಳು. ಮಗಳ ಕೆಲಸ ನೋಡಲು ತಾಯಿಗೆ ಅಪ್ಪಣೆ ಬೇಕೇ? ಅವಳು ಮುಂಚೆ ಹೋದ ಮೇಲೆ, ಒಳ್ಳೆಯ ಸೀರೆ ಉಟ್ಟು, ಕೆನ್ನೆ ಮುಚ್ಚುವಂತೆ ಸ್ಕಾರ್ಫು ಸುತ್ತಿಕೊಂಡು, ಕೆಳಗಿನ ಮನೆಯಾಕೆಯ ಕೈಹಿಡಿದು ಹೊರಟೆ. ಈ ಹೊಸ ಮುಖವನ್ನು ಜನ ನೋಡಿದರೆ ನೋಡಲಿ, ನನ್ನ ನಿಜವಾದ ಮುಖ ಗೋಡೆಯ ಮೇಲಿದೆಯಲ್ಲ ಎನ್ನುವ ಜಂಬ ನನಗೆ.

ಬಾಗಿಲು ದಾಟಿದೆವು. ಎದುರಿಗೇ ದೊಡ್ಡ ಗೋಡೆ. ಅದರ ಮೇಲೆ ಕಿಟಕಿ, ಬೆಳಗಿನ ಬೆಳಕು, ಹಸಿರು ಕುರ್ಚಿ. ಕೆಳಗಿನ ಮನೆಯಾಕೆ ಹತ್ತಿರ ಹೋಗಿ ನೋಡಿ, ಹಿಂದೆ ಸರಿದು ನೋಡಿ, ನನ್ನ ಕಡೆ ತಿರುಗಿದಳು.

"ನೀವೆಲ್ಲಿ ಅಕ್ಕ?"

ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ನಿಜವಾಗಿಯೂ ಹುಡುಕುತ್ತಿದ್ದಳು. ನಾನೂ ಹುಡುಕಿದೆ. ಬೆನ್ನು ಆನಿಸುವ ಜಾಗದಲ್ಲಿ ರೆಕ್ಸಿನ್ನು ನುಣ್ಣಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಇಬ್ಬರು ಗಂಡಸರು ತಲೆ ವಾಲಿಸಿ ನಿಂತಿದ್ದರು. ಒಬ್ಬ, "ಯಾರೋ ಈಗ ತಾನೇ ಎದ್ದು ಹೋದ ಹಾಗಿದೆ, ಅಲ್ವಾ?" ಎಂದ. ಇನ್ನೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಟ್ಟಿ ಕೆಲಸ" ಎಂದ. ಚಿತ್ರದ ಪಕ್ಕ ಆಗಲೇ ಕೆಂಪು ಚುಕ್ಕೆ ಇತ್ತು.

ಎದ್ದು ಹೋಗಲಿಲ್ಲಪ್ಪ, ಎಬ್ಬಿಸಿದರು ಎಂದು ಹೇಳಬೇಕೆನಿಸಿತು. ನಾಲಗೆ ಹೊರಳಲಿಲ್ಲ.

ಒಂದು ಬದಿಗೆ ಸರಿದಾಗ ಮೇಲಿನ ದೀಪ ಓರೆಯಾಗಿ ಬಿದ್ದು, ಹಸಿರಿನ ಕೆಳಗೆ ಒಂದು ಉಬ್ಬುಗೆರೆ ಕಂಡಿತು. ಅವಳು ನನ್ನ ಕಿವಿಗೆ ಬಣ್ಣವನ್ನು ದಪ್ಪಗೆ ಹಾಕಿದ್ದಳು, ಮೇಲೆ ಎಷ್ಟು ಬಳಿದರೂ ಅದು ಪೂರ್ತಿ ಅಡಗಿರಲಿಲ್ಲ. ನನಗರಿವಿಲ್ಲದೆ ಕೈ ಚಾಚಿದೆ. ಮೂಲೆಯಲ್ಲಿ ನಿಂತಿದ್ದ ಕಾವಲುಗಾರ ಓಡಿ ಬಂದ. "ಅಮ್ಮಾ, ಮುಟ್ಟಬಾರದು" ಎಂದ, ಗೌರವದಿಂದಲೇ.

ಅಷ್ಟು ದೂರದಲ್ಲಿ ಜನರ ನಡುವೆ ನಿಂತಿದ್ದ ಮಗಳು ನನ್ನನ್ನು ನೋಡಿದಳು. ಅವಳ ಪಕ್ಕದಲ್ಲಿ 'ನೋಡೋಣ', ಎದುರಿಗೆ ಬಣ್ಣಬಣ್ಣದ ಕನ್ನಡಕದ ಹೆಂಗಸೊಬ್ಬಳು ಏನೋ ಕೇಳುತ್ತಿದ್ದಳು. ಮಗಳು ಅವಳಿಗೆ ಉತ್ತರ ಹೇಳಿ ಮುಗಿಸಿದಳು. ಮಾತಾಡುವವರನ್ನು ನಡುವೆ ಬಿಟ್ಟು ಬರಬಾರದು, ಅದೂ ಒಂದು ಕಟ್ಟಳೆ. ಅವಳು ಬರುವಷ್ಟರಲ್ಲಿ ನಾವು ಹೊರಗೆ ಬೀದಿಯಲ್ಲಿದ್ದೆವು.

ಮನೆಗೆ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

"ಯಾವಾಗ ಮಾಡಿದೆ?" ಎಂದೆ. ಅರ್ಧ ಅಕ್ಷರಗಳು ಜಾರಿ ಹೋದವು, ಆದರೂ ಅವಳಿಗೆ ತಿಳಿಯಿತು.

"ಆಪರೇಷನ್ ಆದ ಮಾರನೇ ದಿನ. ಇನ್ನು ಭಯ ಇಲ್ಲ ಅಂತ ಡಾಕ್ಟ್ರು ಹೇಳಿದ್ಮೇಲೆ."

"ನಾನು ಬದುಕ್ತೀನಿ ಅಂತ ಗೊತ್ತಾದ್ಮೇಲೆ."

"ಹೂಂ." ಅವಳು ನನ್ನ ಕಡೆ ನೋಡದೆ ಹೇಳಿದಳು, "ನಿನಗೇನಾದ್ರೂ ಆಗಿದ್ರೆ ನಾನು ಅದನ್ನ ಮುಟ್ತಿರ್ಲಿಲ್ಲ ಅಮ್ಮ. ಯಾರು ಏನಂದ್ರೂ ಮುಟ್ತಿರ್ಲಿಲ್ಲ."

ಸುಳ್ಳು ಹೇಳುವ ಜಾತಿಯವಳಲ್ಲ ನನ್ನ ಮಗಳು. ಅದು ನಿಜ. ನಾನು ಸತ್ತಿದ್ದರೆ ನನ್ನ ಮುಖ ಉಳಿಯುತ್ತಿತ್ತು. ಬದುಕಿದೆ, ಹೋಯಿತು.

"ಗ್ಯಾಲರಿಯವ್ರು ನನ್ನ ಪ್ರದರ್ಶನ ಕ್ಯಾನ್ಸಲ್ ಮಾಡೋದ್ರಲ್ಲಿದ್ರು. ಬಾಯಲ್ಲಿ ಹೇಳಲ್ಲ, ಫೋನ್ ಎತ್ತೋದು ನಿಲ್ಲಿಸಿದ್ರು" ಎಂದಳು. "ಒಂದು ಸಲ ಬಿಟ್ರೆ ಮತ್ತೆ ಯಾರೂ ಕರೆಯಲ್ಲ. ಈ ವಯಸ್ಸಲ್ಲಿ ನಾನು ಮೊದಲಿಂದ ಶುರು ಮಾಡೋಕಾಗಲ್ಲ. ನಿನ್ನನ್ನ ಮತ್ತೆ ಕೂರಿಸಿ ಬರೀತೀನಿ ಅಂದ್ಕೊಂಡೆ."

"ಮತ್ತೆ ಅಂದ್ರೆ, ಈ ಮುಖಾನಾ?"

ಅವಳು ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು. ಸುಮ್ಮನಿರಬಹುದಿತ್ತು ನಾನು. ಆದರೆ ತಿಳಿಯದೆ ಇರಲಾಗಲಿಲ್ಲ.

"ಯಾವುದನ್ನ ಮೊದಲು ಮುಚ್ಚಿದೆ?"

"ಮುಖ." ಬಿಚ್ಚಿದ ಚಪ್ಪಲಿಯನ್ನು ಗೋಡೆಗೆ ಸರಿಸಿದಳು. "ಅದು ನೋಡ್ತಾ ಇದ್ರೆ ಮಿಕ್ಕಿದ್ದು ಮುಚ್ಚೋಕಾಗ್ತಿರ್ಲಿಲ್ಲ."

ಅವಳನ್ನು ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಮಾಡಲಿಲ್ಲ. ಸ್ಕಾರ್ಫು ಬಿಚ್ಚಿ ಮಡಚುತ್ತ ಕೂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹೇಳುತ್ತ ಬೆಳೆಸಿದ ಮಗಳು ಅವಳು. ನಾನೂ ಆ ದಿನ ನಾಲಗೆ ಹಿಡಿದುಕೊಂಡೆ. ಅದು ಸಹನೆಯಲ್ಲ, ಶಕ್ತಿ ಇರಲಿಲ್ಲ.

ಪ್ರದರ್ಶನ ಗೆದ್ದಿತು. ಪತ್ರಿಕೆಗಳಲ್ಲಿ ಬಂತು, ದೊಡ್ಡ ಚಿತ್ರದ್ದೇ ಫೋಟೋ ಹಾಕಿದ್ದರು. ಫೋನು ಬಡಿದುಕೊಳ್ಳತೊಡಗಿತು. ಭಾನುವಾರದ ಮಕ್ಕಳ ಪಾಠ ನಿಂತಿತು. ಅವಳು ನನಗೆ ಗಂಜಿ ಸೋಸಿ ಕೊಡುತ್ತಾಳೆ, ಔಷಧಿ ತಪ್ಪಿಸುವುದಿಲ್ಲ, ಬಾಯಿಯ ಒಂದು ಬದಿಯಿಂದ ಜಾರಿದ್ದನ್ನು ನಾನು ಒರೆಸಿಕೊಳ್ಳುವ ಮೊದಲೇ ಒರೆಸುತ್ತಾಳೆ. ಮುಖ ನೋಡುವುದಿಲ್ಲ. ನನ್ನ ಹಣೆಯನ್ನೋ ಭುಜವನ್ನೋ ನೋಡಿ ಮಾತಾಡುತ್ತಾಳೆ. ಆ ಚಿತ್ರ ಯಾರ ಮನೆಯಲ್ಲಿದೆಯೋ ನಮಗಿಬ್ಬರಿಗೂ ಗೊತ್ತಿಲ್ಲ. ಕೇಳುವಂತಿಲ್ಲ.

ಹಗಲೆಲ್ಲ ನಾನು ಕಿಟಕಿಯ ಹತ್ತಿರ ಹಸಿರು ಕುರ್ಚಿಯಲ್ಲೇ ಇರುತ್ತೇನೆ. ಮಂಚದ ಮೇಲೆ ಒರಗಿದರೆ ದವಡೆ ಸೆಳೆಯುತ್ತದೆ, ಇಲ್ಲಿ ಬೆನ್ನಿಗೆ ಆಸರೆ ಸಿಗುತ್ತದೆ. ಮೊನ್ನೆ 'ನೋಡೋಣ' ಫೋನು ಮಾಡಿದ್ದರು. ಹೊರಗಿನ ಊರಿನ ದೊಡ್ಡ ಗ್ಯಾಲರಿಯೊಂದಕ್ಕೆ ಅವಳ ಚಿತ್ರಗಳು ಬೇಕಂತೆ, ಅದೇ ಕುರ್ಚಿಯ ಒಂದು ಸರಣಿ, ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು. ಅವಳು 'ಆಗುತ್ತೆ ಸರ್' ಎಂದದ್ದು ಕೇಳಿಸಿತು.

ಇವತ್ತು ಬೆಳಿಗ್ಗೆ ಹೊಸ ಚೌಕಟ್ಟು ತಂದು ನಿಲ್ಲಿಸಿದಳು. ಬಣ್ಣ ಹಿಂಡಿಟ್ಟಳು. ಕುಂಚ ಒರೆಸಿದಳು, ಮತ್ತೆ ಒರೆಸಿದಳು. ನಾನು ಬಿಸಿಲಿಗೆ ಕಣ್ಣು ಮುಚ್ಚಿ ಕೂತಿದ್ದೆ. ಅವಳು ಹತ್ತಿರ ಬಂದು ನಿಂತದ್ದು ನೆರಳಿನಿಂದ ತಿಳಿಯಿತು. ಬಹಳ ಹೊತ್ತು ಹಾಗೇ ನಿಂತಿದ್ದಳು.

"ಅಮ್ಮ," ಎಂದಳು, "ಸ್ವಲ್ಪ ಏಳ್ತೀಯಾ?"

ಅವಳ ದನಿಯಲ್ಲಿ ಹಟವಿರಲಿಲ್ಲ, ನಾಚಿಕೆಯಿತ್ತು. ಅದನ್ನು ಕೇಳಿ ನನಗೆ ಅವಳ ಮೇಲೆ ಕನಿಕರವಾಯಿತು, ನನ್ನ ಮೇಲೂ ಆಯಿತು. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದೆ. ಅವಳು ನನ್ನನ್ನು ಒಳಗೆ ನಡೆಸಿಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು, ಬೆನ್ನಿಗೆ ಎರಡು ದಿಂಬು ಕೊಟ್ಟಳು, ಬೆಳಕು ಹೋಗಿಬಿಡುತ್ತದೆ ಎಂದು ಬೇಗ ಬೇಗ ಹೊರಗೆ ಹೋದಳು.